ಎರಡು ಬಾಯಿಗಳ ನಡುವಿನ ವೈರು

ಮಗಳ ಮದುವೆಯ ಡಿಸ್ಕ್ ನೋಡಲೆಂದು ಷಡಕ್ಷರಯ್ಯನವರು ಪ್ಲೇಯರಿಗೂ ಹೋಮ್ ಥಿಯೇಟರಿಗೂ ಕೆಂಪು-ಬಿಳಿ ತುದಿಯ ವೈರು ಸಿಕ್ಕಿಸಿದರು. ಟಿ.ವಿ.ಯಲ್ಲಿ ತಾಳಿ ಕಟ್ಟುವುದು ಕಂಡಿತು, ವಾಲಗ ಕೇಳಲಿಲ್ಲ.

"ನಾನು ಗಂಟಲು ಹರಿದುಕೊಳ್ಳುತ್ತಿದ್ದೇನೆ, ಅವನು ಕಿವುಡ" ಎಂದಿತು ಪ್ಲೇಯರು.

"ಹೇಳುವವನು ನಾನು, ಕೇಳಬೇಕಾದವನು ಅವನು" ಎಂದಿತು ಥಿಯೇಟರು.

ನಡುವೆ ಸಿಕ್ಕಿಕೊಂಡ ವೈರು ರೇಗಿತು. "ಸ್ವಾಮಿ, ನನ್ನ ಎರಡು ತುದಿಯೂ ಬಾಯಲ್ಲೇ ಇವೆ. ಒಬ್ಬರಾದರೂ ಕಿವಿ ಕೊಡಿ!"

"ರೀ, ಎರಡು ಕಡೆಯೂ 'ಔಟ್' ಅಂತ ಬರೆದ ತೂತಿಗೇ ಹಾಕಿದ್ದೀರಿ. ಥಿಯೇಟರಿನ ಕಡೆ 'ಇನ್' ತೂತಿಗೆ ಹಾಕಿ" ಎಂದರು ಹೆಂಡತಿ ಗಿರಿಜಮ್ಮ.

"ನಿನಗೇನು ಗೊತ್ತು, ಸುಮ್ಮನಿರು. ವೈರೇ ಕೆಟ್ಟಿದೆ!" ಷಡಕ್ಷರಯ್ಯನವರು ಅದನ್ನು ಕಿತ್ತು ಕಸದ ಬುಟ್ಟಿಗೆ ಎಸೆದರು. ಹೊಸದೊಂದನ್ನು ತಂದು ಅದೇ ತೂತುಗಳಿಗೆ ಸಿಕ್ಕಿಸಿದರು.

ಬುಟ್ಟಿಯೊಳಗೆ ಹಳೇ ವೈರು ಸುರುಳಿ ಸುತ್ತಿಕೊಂಡು ಒಂದು ಪಕ್ಕಕ್ಕೆ ಸರಿಯಿತು.

"ಬಾರಪ್ಪ ತಮ್ಮ, ನಿನಗೂ ಜಾಗ ಬಿಟ್ಟಿದ್ದೇನೆ."