ಗೀರು ಬೀಳದ ಕವರ್

ಗುತ್ತಿಗೆದಾರ ಪುಟ್ಟೇಗೌಡ್ರು ಜೀಪಿನಡಿ ಹಿಂದಿನ ಚಕ್ರಗಳ ನಡುವಿರುವ ಡಿಫರೆನ್ಷಿಯಲ್‌ಗೆ ಕೆಂಪು ಬಣ್ಣದ ದಪ್ಪ ಕವರ್ ತರಿಸಿದರು. ಬಂಡೆ ಬಡಿದರೂ ಒಳಗಿನ ಗೇರು ಕಾಯುವ ಕವರ್ ಅದು. ಪೂಜೆ ಮಾಡಿಸಿ, ಡ್ರೈವರ್ ಜಬ್ಬಾರನ ಕೈಗಿಟ್ಟರು.

"ಇದನ್ನ ಹಾಕಿ ಕ್ವಾರಿ ರೇಸ್ ಗೆಲ್ಲು. ಒಂದೇ ಒಂದು ಗೀರು ಬಿತ್ತೋ, ನಿನ್ನ ಕೆಲಸ ಹೋಯ್ತು!"

ಬಂಡೆಗಳ ಮೇಲೆ ಜೀಪು ಹಾರಿತು, ಹೊಟ್ಟೆ ಉಜ್ಜಿತು. ಜನ ಶಿಳ್ಳೆ ಹೊಡೆದರು. ಪಕ್ಕದಲ್ಲಿ ಕೂತ ಗೌಡ್ರು, "ಅಯ್ಯೋ ನನ್ನ ಸೊಂಟ! ಅಯ್ಯೋ ನನ್ನ ಕವರ್!" ಎಂದು ಕೂಗುತ್ತಲೇ ಗೆದ್ದುಬಿಟ್ಟರು!

ಇಳಿದವರೇ ಜೀಪಿನಡಿ ತೂರಿದರು. ಅಲ್ಲಿ ನೆಗ್ಗಿದ ಹಳೇ ಕವರ್!

"ಹೊಸದೆಲ್ಲೋ?"

ಗೌಡ್ರು ಕೂತಿದ್ದ ಸೀಟನ್ನು ಜಬ್ಬಾರ ಎತ್ತಿದ. ಪೂಜೆಯ ಕುಂಕುಮವೂ ಅಳಿಸದೆ ಕವರ್ ಹೊಳೆಯುತ್ತಿತ್ತು.

"ನಮ್ಮಪ್ಪನೂ ಹೊಸ ಚಪ್ಪಲಿ ಸವೀಬಾರದು ಅಂತ ಕಂಕುಳಲ್ಲಿಟ್ಕೊಂಡು ಮುಳ್ಳಲ್ಲಿ ನಡೀತಿದ್ರು, ಗೌಡ್ರೇ."

ಗೌಡ್ರು ಸೊಂಟ ಉಜ್ಜಿಕೊಂಡರು.

"ನಾಳೆ ಅದನ್ನ ಕೆಳಗೇ ಹಾಕಪ್ಪ. ಬಂಡೆ ಏಟು ಅದೇ ತಿನ್ಲಿ!"