ರಾಗಿಗೆ ಬೇಡವಾದ ಗೆಲುವು

ಬೇಗ ಹಿಟ್ಟಾಗುವ ಕಾಳು ಯಾವುದೆಂದು ರಾಗಿಗೂ ಜೋಳಕ್ಕೂ ಪಂದ್ಯ ಬಿತ್ತು. ತೀರ್ಪುಗಾರ ಕಾಗೆ ಒಂದು ಹಿಡಿ ಜೋಳವನ್ನು ಆಗಷ್ಟೇ ಉಳಿಯಿಂದ ಕೆತ್ತಿಸಿದ ಬೀಸುಕಲ್ಲಿಗೂ, ಒಂದು ಹಿಡಿ ರಾಗಿಯನ್ನು ಸವೆದು ನುಣುಪಾದ ಹಳೆಯ ಕಲ್ಲಿಗೂ ಹಾಕಿಸಿತು. ಜೋಳ ಕ್ಷಣದಲ್ಲಿ ಹಿಟ್ಟಾಯಿತು. "ರಾಗಿ ಹುಟ್ಟಾ ಸೋಮಾರಿ," ಎಂದು ಕಾಗೆ ಸಾರಿತು.

ಮೊರದಲ್ಲಿ ಉಳಿದಿದ್ದ ರಾಗಿಗೆ ಮೈಯೆಲ್ಲ ಉರಿಯಿತು. "ಕಲ್ಲು ನೋಡಿದಿರಾ, ಸ್ವಾಮಿ?"

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!" ಎಂದಿತು ಕಾಗೆ.

"ಡೊಂಕಿದ್ದರೂ ಅನ್ನಬಾರದೇ? ಕಲ್ಲು ಅದಲುಬದಲು ಮಾಡಿಸಿ!"

ಕಾಗೆ ಗೊಣಗುತ್ತಲೇ ಮಾಡಿಸಿತು. ಈ ಸಲ ರಾಗಿ ಸರಸರ ಹಿಟ್ಟಾಗಿ ಉದುರಿತು, ಜೋಳ ನುಚ್ಚಾಗಿಯೇ ಉಳಿಯಿತು. "ಕಾಳುಗಳಲ್ಲಿ ರಾಗಿಯೇ ರಾಜ! ಜೋಳ ಹುಟ್ಟಾ ಸೋಮಾರಿ!" ಎಂದು ಕಾಗೆ ಕೂಗಿತು.

ರಾಗಿಗೆ ಮೊದಲಿಗಿಂತ ಹೆಚ್ಚು ಸಿಟ್ಟು ಬಂತು. "ಥೂ! ಎರಡು ಸಲವೂ ಗೆದ್ದದ್ದು ಒಂದೇ ಕಲ್ಲು. ಅದನ್ನು ಮಾತ್ರ ನೀವು ಇನ್ನೂ ತಿರುಗಿ ನೋಡಿಲ್ಲ!"