ಹಿಡಿಜೋಳದ ಗುಡ್ಡ

ಬಯಲುಸೀಮೆಯ ಕರಿಮಣ್ಣಿನ ನಡುವೆ ಒಂಟಿಯಾಗಿ ನಿಂತ ಈ ಗುಡ್ಡದ ಮೇಲೆ ಜೋಳವಿರಲಿ, ನೆಟ್ಟಗೆ ಹುಲ್ಲೂ ಬೆಳೆಯುವುದಿಲ್ಲ. ಹತ್ತಿದವರಿಗೆ ಕಾಣುವುದು ಕುಸಿದ ಕೋಟೆಗೋಡೆ, ಬತ್ತಿದ ಹೊಂಡ ಮತ್ತು ನೆತ್ತಿಯ ಹಾಸುಬಂಡೆಯಲ್ಲಿ ಆಳವಾಗಿ ಕೊರೆದ ಎರಡು ಚೌಕ ಕುಳಿಗಳು. ಅವು ಅರಸನ ಉಯ್ಯಾಲೆಯ ಕಂಬ ನೆಟ್ಟ ಕುಳಿಗಳೆಂದು ವಾದಿಸುವವರಿದ್ದಾರೆ. ಉಯ್ಯಾಲೆಯಂತೆ! ಗೇಣು ನೆರಳಿಲ್ಲದ ಈ ಕಾದ ಬಂಡೆಯ ಮೇಲೆ ಯಾವ ಅರಸ ಕುಳಿತು ಜೀಕುತ್ತಾನೆ? ಕೆಳಗಿನ ಊರಿನ ಹಿರಿಯರು ಅದು ಕಲ್ಲೆಸೆಯುವ ಯಂತ್ರದ ಕಾಲೂರಿದ ಜಾಗ ಎನ್ನುತ್ತಾರೆ.

ಹಿಂದೆ ಒಮ್ಮೆ, ಈ ಕೋಟೆಯನ್ನು ಪರನಾಡಿನ ದಂಡೊಂದು ಮುತ್ತಿತು. ಆಗ ಮಾಚೋಜನೆಂಬ ಬಡಗಿ ಆ ಯಂತ್ರವನ್ನು ಕಟ್ಟಿದ. ಎರಡು ಕಂಬಗಳ ನಡುವೆ ಒಂದು ಉದ್ದನೆಯ ತೊಲೆ. ಅದರ ಗಿಡ್ಡ ತುದಿಗೆ ಮಣ್ಣು ತುಂಬಿದ ದೊಡ್ಡ ತೊಟ್ಟಿ, ಉದ್ದ ತುದಿಗೆ ತೊಗಲಿನ ಕವಣೆ. ಒಂದು ಗೂಟ ಬಡಿದು ತೆಗೆದರೆ ಸಾಕು, ತೊಟ್ಟಿ ಧಡ್ಡನೆ ಇಳಿದು, ಹತ್ತಾಳು ಹೊರಲಾರದ ಕಲ್ಲು ಹಕ್ಕಿಯಂತೆ ಹಾರಿ ವೈರಿಗಳ ಪಾಳೆಯದಲ್ಲಿ ಬೀಳುತ್ತಿತ್ತು. ವೈರಿಗಳು ಕೋಟೆಬಾಗಿಲಿನವರೆಗೆ ಮಣ್ಣಿನ ದಾರಿ ಏರಿಸುತ್ತಿದ್ದರು. ಅದನ್ನು ತಡೆದದ್ದು ಈ ಯಂತ್ರವೊಂದೇ. ಆದರೆ ಮುತ್ತಿಗೆ ಎಳೆದಂತೆಲ್ಲ ಕೋಟೆಯೊಳಗೆ ಕಾಳೂ ಮುಗಿಯಿತು, ಎಸೆಯುವ ಕಲ್ಲೂ ಮುಗಿಯಿತು. ಕಡೆಗೆ ಹೆಂಗಸರು ತಮ್ಮ ಮನೆಯ ಬೀಸುಕಲ್ಲುಗಳನ್ನೇ ಹೊತ್ತು ತಂದರು. ಮೇಲಿನದನ್ನೂ ಕೆಳಗಿನದನ್ನೂ ಸೇರಿಸಿ ಹಗ್ಗ ಬಿಗಿದು ಮಾಚೋಜ ಒಂದೊಂದನ್ನೇ ಎಸೆದ.

ಬೀಸುಕಲ್ಲು ಹೊಸಿಲು ದಾಟುವಾಗ ಅದರ ಬಾಯಿಗೆ ಒಂದು ಹಿಡಿ ಕಾಳು ಹಾಕಿ ಕಳಿಸುವುದು ಅವರ ಪದ್ಧತಿ. ಕಲ್ಲು ಹಸಿದು ಹೋದರೆ ಆ ಮನೆಯಲ್ಲಿ ಮತ್ತೆ ಬೀಸುವ ಸದ್ದೇ ಕೇಳದು ಎಂಬ ಭಯ. ಕಾಳೆಲ್ಲಿಂದ ಬರಬೇಕು? ಹೆಂಗಸರು ಕಣ್ಣೀರು ಹಾಕುತ್ತ ಹೊಟ್ಟನ್ನೇ ತುಂಬಿದರು. ಕೊನೆಗೆ ಉಳಿದದ್ದು ಕೇತವ್ವನ ಮನೆಯ ಕಲ್ಲು. ಕೇತವ್ವನ ಮಗ ಕೋಟೆಬಾಗಿಲ ಕಾವಲಿನಲ್ಲಿ ಸತ್ತಿದ್ದ. ಮನೆಯಲ್ಲಿ ಹಸಿ ಬಾಣಂತಿ ಸೊಸೆ ನಾಗಲೆ, ಅವಳ ಎದೆಯಲ್ಲಿ ಹಾಲು ಸಾಲದೆ ಅಳುವ ಕೂಸು. ಸೊಸೆಯ ಅಂಬಲಿಗೆಂದು ಕೇತವ್ವ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಿದ್ದ ಹಿಡಿ ಜೋಳ ಬಿಟ್ಟರೆ ಆ ಮನೆಯಲ್ಲಿ ಬೇರೆ ಕಾಳಿರಲಿಲ್ಲ. ಆಳುಗಳು ಕಲ್ಲೆತ್ತಲು ಬಂದಾಗ ಅವಳ ಕೈ ಗಂಟಿನ ಮೇಲೇ ಇತ್ತು. ಹಾಕಿದರೆ ಇವತ್ತು ಸೊಸೆ ಸಾಯುತ್ತಾಳೆ. ಹಾಕದಿದ್ದರೆ ಮೊಮ್ಮಗನ ಬಾಳಿಗೆ ಅನ್ನವಿಲ್ಲ. ಅವಳಿಗೆ ಹುಚ್ಚು ಹಿಡಿದಂತಾಯಿತು.

ಮೂಲೆಯಿಂದ ನಾಗಲೆಯ ದನಿ ಬಂತು: "ಹಾಕ್ರಿ ಅತ್ತಿ. ನನ್ನ ಹಸಿವು ನಾ ತಡೀತೀನಿ. ಕೂಸಿನ ಪಾಲಿನ ಕಲ್ಲು ಹಸದು ಹೋಗೂದು ಬ್ಯಾಡ."

ಕೇತವ್ವ ಗಂಟು ಬಿಚ್ಚಿ ಜೋಳವನ್ನು ಕಲ್ಲಿನ ಬಾಯಿಗೆ ಸುರಿದು, ಮೇಲೆ ಹಸಿಮಣ್ಣು ಮೆತ್ತಿದಳು. ಕಲ್ಲಿನ ಹಿಂದೆಯೇ ಅವಳೂ ಯಂತ್ರದ ಬಳಿ ಬಂದಳು. ಮಣ್ಣಿನ ಸಂದಿಯಲ್ಲಿ ಜೋಳ ಕಂಡ ಮಾಚೋಜನಿಗೆ ಸಿಟ್ಟೇ ಬಂತು. "ಏನ ಮಾಡೀಯವ್ವಾ? ಬಾಣಂತಿ ಬಾಯಾಗಿನ ತುತ್ತು ತಂದು ವೈರಿ ಮ್ಯಾಲೆ ಒಗೀತಾರೇನ?" ಕೆಳಗೆ ಮಣ್ಣಿನ ದಾರಿ ಬಾಗಿಲಿಗೆ ಮುಟ್ಟುವುದರಲ್ಲಿತ್ತು. ಮಾಚೋಜ ಹಲ್ಲು ಕಚ್ಚಿ ಗೂಟ ಬಡಿದ.

ಕಲ್ಲು ದಂಡನಾಯಕನ ಡೇರೆಯ ಮುಂದೆಯೇ ಬಿದ್ದು ಎರಡು ಹೋಳಾಯಿತು, ಜೋಳ ಚೆಲ್ಲಾಪಿಲ್ಲಿಯಾಯಿತು. ದಂಡನಾಯಕ ಬಗ್ಗಿ ನಾಲ್ಕು ಕಾಳು ಅಂಗೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದನಂತೆ. ಕೋಟೆ ಇಂದೋ ನಾಳೆಯೋ ಹಸಿವಿನಿಂದ ಬಾಗಿಲು ತೆರೆಯುತ್ತದೆಂದು ಅವನು ಕಾದದ್ದು. ಅವನ ಸೈನಿಕರೇ ಅರೆಹೊಟ್ಟೆಯಲ್ಲಿದ್ದರು. ನಮ್ಮ ಹೆಂಗಸರ ಪದ್ಧತಿ ಆ ಪರನಾಡಿನವನಿಗೇನು ಗೊತ್ತು? ಕಲ್ಲಿನ ಜೊತೆ ಕಾಳನ್ನೂ ಎಸೆಯುವಷ್ಟು ಕಣಜ ತುಂಬಿದವರನ್ನು ಗೆಲ್ಲುವುದು ಆಗದ ಮಾತೆಂದುಕೊಂಡು ಸಂಜೆಯೊಳಗೆ ಡೇರೆ ಕಿತ್ತ. ಯಂತ್ರದ ಬಳಿ ಎಸೆಯಲು ಇನ್ನೊಂದು ಹರಳೂ ಇರಲಿಲ್ಲವೆಂಬುದು ಅವನಿಗೆ ಎಂದೂ ತಿಳಿಯಲಿಲ್ಲ.

ಕೋಟೆಯಲ್ಲಿ ಕಹಳೆ ಮೊಳಗಿತು. ಅರಸ ಗೆಲುವಿನ ನೆನಪಿಗೆ ಗುಡ್ಡಕ್ಕೆ ತನ್ನ ಹೆಸರನ್ನೇ ಇಡಿಸಿದನಂತೆ. ಪಾಪ, ಆ ಹೆಸರು ಈಗ ಯಾರಿಗೂ ನೆನಪಿಲ್ಲ. ಕೇತವ್ವ ಮಾತ್ರ ಬಾಗಿಲು ತೆರೆದದ್ದೇ ತಡ, ಒಬ್ಬಳೇ ಬಯಲಿಗೆ ಓಡಿದಳು. ಕುದುರೆಗಳು ತುಳಿದ ಮಣ್ಣಿನಲ್ಲಿ ಮೊಣಕಾಲೂರಿ, ಚೆಲ್ಲಿದ ಜೋಳವನ್ನು ಒಂದೊಂದೇ ಆರಿಸಿದಳು. ಒಡೆದ ತನ್ನ ಕಲ್ಲಿನ ಹೋಳಿನ ಮೇಲೇ ಅದನ್ನು ಜಜ್ಜಿ, ವೈರಿಗಳು ನಂದಿಸದೆ ಬಿಟ್ಟುಹೋದ ಒಲೆಯ ಮೇಲೆ ಅಂಬಲಿ ಕಾಯಿಸಿ, ಅಷ್ಟೆತ್ತರದ ಗುಡ್ಡವನ್ನು ಮತ್ತೆ ಹತ್ತಿದಳು. ನಾಗಲೆ ಅದನ್ನು ಕುಡಿದಳು, ಬದುಕಿದಳು. ಕೆಳಗಿನ ಊರಿನ ಅರ್ಧ ಜನ ತಾವು ಆ ಕೂಸಿನ ವಂಶದವರು ಎನ್ನುತ್ತಾರೆ.

ಗುಡ್ಡ ಇಳಿದು ಬಂದವರು ಹೊಲದ ನಡುವೆ ಆ ಹೋಳುಕಲ್ಲನ್ನು ಈಗಲೂ ನೋಡಬಹುದು. ನೇಗಿಲು ಹೂಡಿದವರು ಅದನ್ನು ಬಳಸಿ ಹೋಗುತ್ತಾರೆ. ಊರಿಗೆ ಹಿಟ್ಟಿನ ಗಿರಣಿ ಬಂದು ಎಷ್ಟೋ ಕಾಲವಾಯಿತು. ಆದರೂ ಮನೆಯಲ್ಲಿ ಕೂಸು ಹುಟ್ಟಿದರೆ ಬಾಣಂತಿಯ ಮೊದಲ ಅಂಬಲಿಯ ಜೋಳವನ್ನು ಅತ್ತೆಯಾದವಳು ಇಲ್ಲಿಗೇ ತಂದು, ಮೊಣಕಾಲೂರಿ ಕುಳಿತು ಇದೇ ಕಲ್ಲಿನ ಮೇಲೆ ಜಜ್ಜುತ್ತಾಳೆ.